ಚಿಲಕ ನೀನು ಹಾಕಿದ್ದೆ

ಜಾನು, ಅವತ್ತು ಗೇಟಿನ ಚಿಲಕ ತೆಗೆದಿಟ್ಟವಳು ನಾನು. ನೀನು ಹಾಕಿಯೇ ಸ್ಕೂಲಿಗೆ ಹೋಗಿದ್ದೆ. ಹಾಕಿದ ಸದ್ದು ಅಡಿಗೆಮನೆಯಲ್ಲಿದ್ದ ನನಗೆ ಕೇಳಿಸಿತ್ತು. ನಿನ್ನ ನಾಯಿ ಸುಂಡಲ್ ತಾನಾಗಿ ಓಡಿಹೋಗಲಿಲ್ಲ. ನಾನೇ ಅದನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಕಾಸಿಮೇಡಿನ ಮೀನು ಬಂದರಿನಲ್ಲಿ ಬಿಟ್ಟು ಬಂದೆ.

ಇಷ್ಟು ಬರೆಯಲು ಹದಿನಾಲ್ಕು ವರ್ಷ ಆಯಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಕಾಗುಣಿತ ತಪ್ಪಿರಬಹುದು. ವಿಷಯ ತಪ್ಪಿಲ್ಲ.

ಮೆರೀನಾ ಬೀಚಿನಲ್ಲಿ ಸುಂಡಲ್, ಅದೇ ಕಡಲೆ ಉಸಲಿ, ಮಾರುವವನ ಗಾಡಿಯ ಕೆಳಗೆ ಸಿಕ್ಕಿದ್ದು ಅಂತ ನೀನು ಅದನ್ನು ಫ್ರಾಕಿನಲ್ಲಿ ಸುತ್ತಿಕೊಂಡು ಬಂದೆ. ನಿನಗಾಗ ಹತ್ತು ವರ್ಷ. ನಿನ್ನ ತಾತ ಸತ್ತು ಇನ್ನೂ ಎರಡು ತಿಂಗಳಾಗಿರಲಿಲ್ಲ. ಬಾಲ ಪೊಮೆರೇನಿಯನ್‌ದು, ಮುಖ ಬೀದಿ ನಾಯಿದು, ಕಾಲು ಮಾತ್ರ ಯಾರದ್ದೋ ಗೊತ್ತಿಲ್ಲ—ಅಷ್ಟು ಗಿಡ್ಡ. ಒಂದು ಕಿವಿ ನಿಲ್ಲುತ್ತಿತ್ತು, ಇನ್ನೊಂದು ಬಿದ್ದಿರುತ್ತಿತ್ತು. ಮೈ ತುಂಬ ಉಣ್ಣೆಹುಳ. "ಇದು ಮನೆ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ," ಅಂದೆ. ನೀನು ನಿನ್ನ ತಮಿಳಿನಲ್ಲಿ, "ಅಪ್ಪೋ ಅದು ವೆಳಿಯೇ ಇರುಕ್ಕಟ್ಟುಂ, ಅಜ್ಜಿ," ಅಂದೆ. ಹಾಗಾದರೆ ಅದು ಹೊರಗೇ ಇರಲಿ ಅಂತ. ಜಾಣೆ. ಅದು ಅಂಗಳದಲ್ಲಿ ಉಳಿಯಿತು.

ನಿನ್ನ ಅಪ್ಪ ಬ್ಯಾಂಕಿಗೆ, ಅಮ್ಮ ಪೆರುಂಗುಡಿ ಆಫೀಸಿಗೆ, ನೀನು ಸ್ಕೂಲಿಗೆ. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಈ ತಿರುವಲ್ಲಿಕ್ಕೇಣಿ ಮನೆಯಲ್ಲಿ ಇದ್ದದ್ದು ನಾನು ಮತ್ತು ಅದು. ಹೆಸರು ನೀನಿಟ್ಟೆ, ನೋಡಿಕೊಂಡವಳು ನಾನು. ಇದನ್ನು ಹೆಚ್ಚುಗಾರಿಕೆಗೆ ಬರೆಯುತ್ತಿಲ್ಲ. ಬೇರೆ ಯಾರೂ ಇರಲಿಲ್ಲ, ಅಷ್ಟೆ. ಬೇವಿನ ಎಣ್ಣೆ ಹಚ್ಚಿ, ಒಂದೊಂದೇ ಉಣ್ಣೆ ಕಿತ್ತು, ತೆಂಗಿನ ಚಿಪ್ಪಿನಲ್ಲಿ ಸೀಮೆಎಣ್ಣೆಗೆ ಹಾಕಿದೆ. ಮೂರು ದಿನ ಹಿಡಿಯಿತು. ಕೀಳುವಾಗ ನೋವಾದರೆ ನನ್ನ ಮಣಿಕಟ್ಟನ್ನು ಬಾಯಲ್ಲಿ ಹಿಡಿದುಕೊಳ್ಳುತ್ತಿತ್ತು, ಕಚ್ಚುತ್ತಿರಲಿಲ್ಲ. ಮೊಸರನ್ನಕ್ಕೆ ಉಪ್ಪು ಬಿದ್ದರೆ ಮುಟ್ಟುತ್ತಿರಲಿಲ್ಲ. ಸೌತೆಕಾಯಿ ತೊಟ್ಟು ಅಂದರೆ ಪ್ರಾಣ. ದೀಪಾವಳಿ ದಿನ ಪಟಾಕಿಗೆ ಹೆದರಿ, ಎಂದೂ ಹೊಸಿಲು ದಾಟದ್ದು ಓಡಿ ಬಂದು ನನ್ನ ಮಂಚದ ಕೆಳಗೆ ಸೇರಿತು. ನಾನು ಬೈದೆ. ಬೈಯುತ್ತಲೇ ಕೈ ಕೆಳಗೆ ಬಿಟ್ಟೆ. ತಣ್ಣಗಿನ ಮೂಗು ತಂದು ಅಂಗೈಗೆ ಒತ್ತಿತು. ಅವತ್ತು ಎಷ್ಟು ಹೊತ್ತು ಹಾಗೆ ಕೂತಿದ್ದೆನೋ—

ಇರಲಿ. ಮಡಿ ವಿಷಯ ಬರೆಯಬೇಕು. ಎಲ್ಲ ಅದರ ಮೇಲೇ ನಿಂತಿದೆ.

ಸ್ನಾನ ಮಾಡಿ, ಕೋಲಿನಿಂದ ಮೇಲಿನ ಗಳುವಿನ ಸೀರೆ ತೆಗೆದು ಉಟ್ಟ ಮೇಲೆ ದೇವರ ಅಡಿಗೆ ಮುಗಿಯುವವರೆಗೆ ನನ್ನನ್ನು ನಿನ್ನ ಅಪ್ಪನೂ ಮುಟ್ಟುವಂತಿರಲಿಲ್ಲ. ನಾಯಿಯ ಮಾತೇನು. ಮೊದಲ ಸಲ ಅದು ಕುಣಿಯುತ್ತ ಬಂದಾಗ ಅಂಗೈ ಎತ್ತಿ "ಮಡಿ!" ಅಂತ ಕೂಗಿದೆ. ನಾಲ್ಕನೇ ದಿನಕ್ಕೆ ಅದಕ್ಕೆ ಅರ್ಥವಾಯಿತು. ಕೋಲು ಕೈಗೆ ತೆಗೆದುಕೊಂಡರೆ ಸಾಕು, ಒಗೆಯುವ ಕಲ್ಲಿನ ಹತ್ತಿರ ಹೋಗಿ ಕೂರುತ್ತಿತ್ತು. ಬೊಗಳುತ್ತಿರಲಿಲ್ಲ, ಅಲ್ಲಾಡುತ್ತಿರಲಿಲ್ಲ. ಬೆಕ್ಕು ಮುಂದೆ ಹೋದರೂ ಇಲ್ಲ, ಪೋಸ್ಟಿನವನು ಬಂದರೂ ಇಲ್ಲ. ನಾನು ಊಟ ಮುಗಿಸಿ ಅದರ ತಟ್ಟೆಗೆ ಮೊಸರನ್ನ ಹಾಕಿದ ಮೇಲೇ ಏಳುವುದು. ನೀನು ನಗುತ್ತಿದ್ದೆ: "ನಿಮಗಿಂತ ಅದಕ್ಕೇ ಆಚಾರ ಜಾಸ್ತಿ ಅಜ್ಜಿ!" ನೀನು ಕನ್ನಡದಲ್ಲಿ ಪೂರ್ತಿ ಹೇಳಿದ ಮಾತು ಅದೊಂದೇ ಇರಬೇಕು. ನೀವೆಲ್ಲ ಅದರ ಹತ್ತಿರ ತಮಿಳು ಆಡುತ್ತಿದ್ದಿರಿ, ಇಂಗ್ಲಿಷು ಆಡುತ್ತಿದ್ದಿರಿ. ಅದಕ್ಕೆ ಗೊತ್ತಿದ್ದ ನನ್ನ ಮಾತು ಈ "ಮಡಿ" ಒಂದೇ.

ತಾತನ ವರ್ಷದ ಶ್ರಾದ್ಧಕ್ಕೆ ಹದಿನೈದು ದಿನ ಇರುವಾಗ ಕಮಲ ಬಂದಳು, ನಿನ್ನ ತಾತನ ತಂಗಿ. ನಾನು ಕಲ್ಲಿನ ಹತ್ತಿರ ಕೂತು ಸುಂಡಲ್ ಜೊತೆ ಮಾತಾಡುತ್ತಿದ್ದದ್ದನ್ನು ಗೇಟಿನಲ್ಲೇ ನಿಂತು ಕೇಳಿಸಿಕೊಂಡಿದ್ದಾಳೆ. "ಏನತ್ತಿಗೆ, ನಮ್ಮಣ್ಣನ ಹತ್ರ ಒಂದು ದಿನಾನಾದ್ರೂ ಇಷ್ಟು ಮಾತಾಡಿದ್ರಾ?" ಅಂತ ನಕ್ಕಳು. ಆಮೇಲೆ ಕಾಫಿ ಕುಡಿಯುತ್ತ ಮೆತ್ತಗೆ, "ನಾಯಿ ಕಣ್ಣು ಬಿದ್ದ ಅನ್ನ ಪಿತೃಗಳು ಮುಟ್ಟಲ್ಲ. ಗೊತ್ತಲ್ವಾ? ಅಣ್ಣ ಪಾಪ ಬಾಗ್ಲಲ್ಲೇ ನಿಂತು, ಹಸ್ಕೊಂಡು ವಾಪಸ್ ಹೋಗ್ಬೇಕಷ್ಟೆ," ಅಂದಳು.

ಆ ಮಾತು ನನಗೆ ಎಲ್ಲಿ ತಾಗಿತು ಅಂದರೆ—ನಿನ್ನ ತಾತ ಆಸ್ಪತ್ರೆಯಲ್ಲಿ ಕೊನೆಯ ಎರಡು ದಿನ ಸಾರನ್ನ ಕೇಳಿದ್ದರು. ಕೊಡಕೂಡದು ಅಂದಿದ್ದರು ಡಾಕ್ಟರು. ನಾನು ಕೊಡಲಿಲ್ಲ. ಹಸಿದೇ ಹೋದರು.

ಇದು ನೆವ ಅಲ್ಲ. ಶ್ರಾದ್ಧದ ಒಂದು ದಿನ ಅದನ್ನು ಪಕ್ಕದ ಮನೆಯಲ್ಲಿ ಕಟ್ಟಬಹುದಿತ್ತು. ಹೊಳೆಯಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಆದರೆ ಕಮಲ ನಕ್ಕದ್ದು ಕಿವಿಯಲ್ಲಿ ಕೂತಿತ್ತು. ಗಂಡ ಸತ್ತ ವರ್ಷದೊಳಗೆ ನಾಯಿಯ ಹತ್ತಿರ ಹರಟೆ ಹೊಡೆಯುವ ಮುದುಕಿ ಆಗಿಬಿಟ್ಟೆನಲ್ಲ ಅಂತ ನಾಚಿಕೆ. ಆ ನಾಚಿಕೆಗೆ ಅದನ್ನು ಕಳಿಸಿದೆ. ಅದರ ಮೇಲೆ ತಾತನ ಹೆಸರು ಹೊದಿಸಿದೆ, ಅಷ್ಟೆ.

ನೀವು ಮೂವರೂ ಹೊರಟ ಮೇಲೆ ಅದನ್ನು ತರಕಾರಿ ತರುವ ವಯರ್ ಬುಟ್ಟಿಯಲ್ಲಿ ಕೂರಿಸಿದೆ. ತಲೆ ಹೊರಗೆ ಹಾಕಿ ಖುಷಿಯಾಗಿ ನೋಡುತ್ತಿತ್ತು. ಕಾಸಿಮೇಡು ಅಂದಾಗ ಆಟೋದವನು ಹಿಂದೆ ತಿರುಗಿ, "ಎನ್ನ ಪಾಟಿ, ಅಯ್ಯರ್ ವೀಟ್ಟುಲ ಇನ್ನಿಕ್ಕಿ ಮೀನ್ ಕೊಳಂಬಾ?" ಅಂತ ನಕ್ಕ. ಬ್ರಾಹ್ಮಣರ ಮನೆಯಲ್ಲಿ ಇವತ್ತು ಮೀನಿನ ಸಾರಾ ಅಂತ. "ರೋಡ್ ನೋಡ್ಕೊಂಡು ಓಡ್ಸಪ್ಪಾ," ಅಂದೆ. ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ: ನಮ್ಮ ಮನೆಯಲ್ಲಿ ಮೊಸರನ್ನ ತಿಂದು ಸೊರಗುವ ಪ್ರಾಣಿ, ಅಲ್ಲಿ ಮೀನು ತಿಂದು ಚೆನ್ನಾಗಿರುತ್ತದೆ.

ಹೋಗುವಾಗ ಹತ್ತು ಗಂಟೆ. ಹರಾಜು ಮುಗಿದಿತ್ತು. ಹೆಂಗಸರು ಸಾಲಾಗಿ ಕೂತು ಮೀನು ಕುಯ್ಯುತ್ತಿದ್ದರು. ನೆಲವೆಲ್ಲ ಐಸ್ ನೀರು, ರಕ್ತ. ಸೆರಗು ಮೂಗಿಗೆ ಹಿಡಿದು ಒಂದು ಹಳೇ ದೋಣಿಯ ಪಕ್ಕ ಬುಟ್ಟಿ ಇಳಿಸಿದೆ. ಅದು ಹೊರಗೆ ಬಂದು ನನ್ನ ಕಾಲಿಗೆ ಅಂಟಿಕೊಂಡು ನಿಂತಿತು. ಅಲ್ಲಿದ್ದ ನಾಯಿಗಳು ಒಂದೊಂದೂ ಕರುವಿನಷ್ಟು. ಮೀನು ಕುಯ್ಯುತ್ತಿದ್ದ ಒಬ್ಬಳು ತಲೆ ಎತ್ತಿ, "ಉನ್ ನಾಯಾಮ್ಮಾ?" ಅಂದಳು. ನಿನ್ನ ನಾಯಿಯಾ ಅಂತ.

"ಇಲ್ಲೆ," ಅಂದೆ. ಅಲ್ಲ ಅಂತ.

ಎರಡು ಹೆಜ್ಜೆ ಇಟ್ಟೆ, ಅದೂ ಬಂತು. ಆಗ ತಿರುಗಿ ಅಂಗೈ ಎತ್ತಿ, "ಮಡಿ," ಅಂದೆ.

ಕೂತಿತು. ಆ ಕೊಚ್ಚೆಯಲ್ಲಿ, ಕಿವಿ ಒಂದು ಮೇಲೆ ಒಂದು ಕೆಳಗೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿತು. ನಾನು ನಡೆದು ಬಂದು ಆಟೋ ಹತ್ತಿದೆ. ಹಿಂದೆ ನೋಡಿದೆ. ಇನ್ನೂ ಕೂತೇ ಇತ್ತು.

ಮನೆಗೆ ಬಂದು, ಗೇಟಿನ ಚಿಲಕ ಹಾಕದೆ ಅರ್ಧ ತೆರೆದಿಟ್ಟು, ತಲೆಗೆ ಸ್ನಾನ ಮಾಡಿದೆ.

ನೀನು ನಾಲ್ಕು ಗಂಟೆಗೆ ಬಂದೆ. ಕರೆದೆ, ಹುಡುಕಿದೆ, ಕಲ್ಲಿನ ಹಿಂದೆ ನೋಡಿದೆ. ನನ್ನ ಮುಂದೆ ಬಂದು ನಿಂತೆ. ಆಗ ನಾನು ಕೇಳಿದೆ, ಅಕ್ಕಿ ಆರಿಸುತ್ತ, ಮುಖ ಎತ್ತದೆ ಕೇಳಿದೆ—"ಬೆಳಗ್ಗೆ ಹೋಗ್ವಾಗ ಚಿಲಕ ಹಾಕಿದ್ಯಾ?"

ಸುಳ್ಳೇನೂ ಹೇಳಲಿಲ್ಲ, ಬರೀ ಕೇಳಿದೆ ಅಂತ ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಆದರೆ ನಿನ್ನ ಮುಖ ನೆನಪಿದೆ. ಹಾಕಿದ್ದು ನಿನಗೆ ಗೊತ್ತಿತ್ತು, ಬಾಯಿಯವರೆಗೂ ಬಂದಿತ್ತು. ನಾನು ಕೇಳಿದ ಮೇಲೆ ಅದು ಒಳಗೆ ಹೋಯಿತು. "ತೆರಿಯಲೆ ಅಜ್ಜಿ," ಅಂದೆ. ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ, "ನಾನ್ ಪೋಡಲೆ," ಅಂದೆ. ನಾನು ಹಾಕಲಿಲ್ಲ. ಒಂದು ನಿಮಿಷದಲ್ಲಿ, ನನ್ನ ಕಣ್ಣೆದುರಿಗೇ, ನೀನು ಮಾಡದ ತಪ್ಪು ನಿನ್ನದಾಗಿಬಿಟ್ಟಿತು. ನಾನು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದೆ.

ಇಲ್ಲಿಗೆ ನಿಲ್ಲಿಸಬಹುದು. ನಿಲ್ಲಿಸಿದರೆ ಅರ್ಧ ಹೇಳಿದ ಹಾಗೆ. ಇನ್ನರ್ಧ ಯಾರಿಗೂ ಗೊತ್ತಿಲ್ಲ.

ಅದು ವಾಪಸ್ಸು ಬಂತು, ಜಾನು.

ಶ್ರಾದ್ಧದ ದಿನ. ಬಿಟ್ಟು ಹನ್ನೆರಡು ದಿನವಾಗಿತ್ತು. ಮಧ್ಯಾಹ್ನ, ಬ್ರಾಹ್ಮಣರು ಎಲೆ ಮುಂದೆ ಕೂರುವ ಹೊತ್ತು. ನಾನು ಮಡಿಯಲ್ಲಿ ಅಂಗಳಕ್ಕೆ ಬಂದವಳು ಗೇಟಿನ ಕಡೆ ನೋಡಿದೆ. ಕಂಬಿಯ ಸಂದಿಯಲ್ಲಿ ಆ ಮುಖ. ಅಲ್ಲಿಂದ ಇಲ್ಲಿಯವರೆಗೆ, ಹಾರ್ಬರ್ ದಾಟಿ, ಅಷ್ಟು ಲಾರಿ ಬಸ್ಸಿನ ನಡುವೆ ಆ ಗಿಡ್ಡ ಕಾಲಲ್ಲಿ ಹೇಗೆ ಬಂತೋ. ಮೈಗೆ ಡಾಂಬರು ಮೆತ್ತಿತ್ತು. ಮುಂದಿನ ಒಂದು ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಪಕ್ಕೆಲುಬು ಎಣಿಸಬಹುದಿತ್ತು. ಮೀನು ತಿಂದು ಚೆನ್ನಾಗಿರುತ್ತದೆ ಅಂದಿದ್ದೆನಲ್ಲ.

ನನ್ನನ್ನು ನೋಡಿ ಇಡೀ ಮೈ ಅಲ್ಲಾಡಿಸಿತು. ಬೊಗಳಲು ಬಾಯಿ ತೆಗೆಯಿತು. ನೀನು ಒಳಗಿನ ಕೋಣೆಯಲ್ಲಿದ್ದೆ. ಸ್ಕೆಚ್ ಪೆನ್ನಿನಲ್ಲಿ ಅದರ ಚಿತ್ರ ಬರೆದು, ಅಂಗಡಿಗಳಿಗೆ ಅಂಟಿಸಲು ಇನ್ನೊಂದಿಷ್ಟು ಕಾಗದ ಮಾಡುತ್ತಿದ್ದೆ. ಗೇಟಿನಿಂದ ಇಪ್ಪತ್ತು ಹೆಜ್ಜೆ. ಒಂದು ಸಲ ಬೊಗಳಿದ್ದರೆ ನಿನಗೆ ಕೇಳುತ್ತಿತ್ತು.

ನಾನು ಅಂಗೈ ಎತ್ತಿದೆ. "ಮಡಿ."

ಬಾಯಿ ಮುಚ್ಚಿತು. ಮೂರು ಕಾಲಲ್ಲಿ ಹಿಂದೆ ಸರಿದು, ಎದುರು ಮನೆಯ ಸ್ಕೂಟರ್ ಪಕ್ಕ ಹೋಗಿ ಕೂತಿತು. ಬೆನ್ನು ನೆಟ್ಟಗೆ.

ನಾನು ಒಳಗೆ ಹೋದೆ. ಎಲ್ಲ ಸರಿಯಾಗಿ ನಡೆಯಿತು. ಬ್ರಾಹ್ಮಣರು ತೃಪ್ತಿಯಾಯಿತು ಅಂದರು. ಕಾಗೆ ಕೂಡ ಕರೆದ ತಕ್ಷಣ ಬಂತು. "ಅಣ್ಣ ಬಂದು ಊಟ ಮಾಡ್ಕೊಂಡು ಹೋದ ಅತ್ತಿಗೆ," ಅಂತ ಕಮಲ ಕಣ್ಣು ಒರೆಸಿಕೊಂಡಳು.

ಅಷ್ಟು ಹೊತ್ತಿಗೆ ಎರಡು ಗಂಟೆ ಕಾಲ ಕಳೆದಿತ್ತು. ಮೊಸರನ್ನ ಉಪ್ಪಿಲ್ಲದೆ ಕಲಸಿ, ಎಲೆಯ ತುಂಡಿನಲ್ಲಿ ಹಾಕಿಕೊಂಡು ಗೇಟಿಗೆ ಹೋದೆ. ಸ್ಕೂಟರ್ ಪಕ್ಕ ಏನೂ ಇರಲಿಲ್ಲ. ಮೂಲೆಯಲ್ಲಿ ಹೂ ಕಟ್ಟುವ ಹೆಂಗಸನ್ನು ಕೇಳಿದೆ. ನಾಲ್ಕು ಬೀದಿ ನಾಯಿಗಳು ಸುತ್ತುವರಿದು ಕಚ್ಚಿದವಂತೆ. ಬಹಳ ಹೊತ್ತು ಕೂತ ಕಡೆಯಿಂದ ಏಳಲಿಲ್ಲವಂತೆ. ಕೊನೆಗೆ ಎದ್ದು ದೊಡ್ಡ ರಸ್ತೆ ಕಡೆ ಓಡಿತಂತೆ. "ಅದು ಎನ್ನ ಊಮೆ ನಾಯಾ ಅಮ್ಮಾ?" ಅಂತ ಕೇಳಿದಳು. "ಅವ್ವಳವು ಕಡಿಚ್ಚುಂ ವಾಯೇ ತೊರಕ್ಕಲೆ."

ಮೂಗ ನಾಯಿಯಾ, ಅಷ್ಟು ಕಚ್ಚಿದರೂ ಬಾಯೇ ತೆರೆಯಲಿಲ್ಲ—ಅಂತ.

ದೊಡ್ಡ ರಸ್ತೆವರೆಗೆ ಹೋಗಿ ನೋಡಿದೆ. ಇರಲಿಲ್ಲ. ಎಲೆಯನ್ನು ಅಲ್ಲೇ ಕಂಬದ ಬುಡದಲ್ಲಿಟ್ಟು ಬಂದೆ. ಸಂಜೆ ನೀನು ಅದೇ ಕಂಬಕ್ಕೆ ಚಿತ್ರ ಅಂಟಿಸುವಾಗ ಗೋಂದಿನ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ನಿಂತವಳು ನಾನು. ಹಸಿದು ಬಾಗಿಲಲ್ಲಿ ನಿಂತು ವಾಪಸ್ ಹೋದದ್ದು ಯಾರು ಅಂತ ನನಗೆ ಮಾತ್ರ ಗೊತ್ತಿತ್ತು.

ಅವತ್ತಿನಿಂದ ಆ ಎರಡಕ್ಷರ ಬಾಯಲ್ಲಿ ಆಡಿಲ್ಲ. ಅಡಿಗೆ ಮಾಡುತ್ತೇನೆ, ಸೀರೆ ಬೇರೆ ಒಣಗಿಸುತ್ತೇನೆ, ಆ ಮಾತು ಮಾತ್ರ ಇಲ್ಲ. ಅಂಗಳಕ್ಕೆ ಹೋದರೆ ಒಗೆಯುವ ಕಲ್ಲಿನ ಹತ್ತಿರ ಅದು ಕೂತಿರುತ್ತದೆ ಅನ್ನಿಸುತ್ತದೆ. ಇನ್ನೂ ಏಳು ಅಂತ ಯಾರೂ ಹೇಳಿಲ್ಲವಲ್ಲ.

ನನ್ನದು ಇರಲಿ. ನಿನ್ನದು ಹೇಳುತ್ತೇನೆ. ದಿನಾ ಬೆಳಗ್ಗೆ ಏಳಕ್ಕೆ ನಿನ್ನ ಶೋಳಿಂಗನಲ್ಲೂರ್ ಆಫೀಸಿನ ಕ್ಯಾಬು ಬಂದು ಹಾರ್ನ್ ಹೊಡೆಯುತ್ತದೆ. ನೀನು ಗೇಟು ಹಾಕುತ್ತೀಯ, ಚಿಲಕದ ಸದ್ದು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬರುತ್ತೀಯ, ತೆಗೆದು ಮತ್ತೆ ಹಾಕುತ್ತೀಯ. ಮತ್ತೆ ಹೋಗಿ ಮತ್ತೆ ಬರುತ್ತೀಯ. ಕ್ಯಾಬಿನಲ್ಲಿ ಕೂತವರು ನಗುತ್ತಾರೆ. ಕೂತ ಮೇಲೂ ಫೋನು: "ಅಜ್ಜಿ, ಗೇಟ್ ಪೂಟ್ಟಿರುಕ್ಕಾ ಪಾರು." ಹಾಕಿದೆಯಾ ನೋಡು ಅಂತ. "ಹಾಕಿದೆ ಕಣೆ," ಅನ್ನುತ್ತೇನೆ. ಹದಿನಾಲ್ಕು ವರ್ಷದಲ್ಲಿ ನಾನು ನಿನಗೆ ಹೇಳಿದ ನಿಜ ಅದೊಂದೇ.

ಹೋದ ವಾರ ಪಕ್ಕದ ಮನೆಯವರು ಒಂದು ಮರಿ ತಂದು ತೋರಿಸಿದರು, ಬೇಕಾ ಅಂದರು. ನೀನು ಅದನ್ನು ಎತ್ತಿಕೊಂಡೆ, ಕತ್ತಿನ ಹತ್ತಿರ ಇಟ್ಟುಕೊಂಡೆ, ಆಮೇಲೆ ಕೆಳಗೆ ಬಿಟ್ಟುಬಿಟ್ಟೆ. "ವೇಂಡಾಂ ಆಂಟಿ. ನಾನ್ ಒಳುಂಗಾ ಪಾತ್ತುಕ್ಕಮಾಟ್ಟೇನ್." ಬೇಡ, ನಾನು ಸರಿಯಾಗಿ ನೋಡಿಕೊಳ್ಳುವವಳಲ್ಲ. ನಾನು ಹೊಸಿಲಲ್ಲೇ ಇದ್ದೆ.

ಅದಕ್ಕೇ ಬರೆಯಲು ಕೂತೆ. ಮೂರು ದಿನವಾಯಿತು. ಬರೆದು ಮುಗಿಸುವಾಗ ಇನ್ನೊಂದು ತಿಳಿಯಿತು—ನಿನಗೆ ಕನ್ನಡ ಓದಲು ಬರುವುದಿಲ್ಲ. ನಿನ್ನ ಮೇಜಿನ ಮೇಲೆ ಇದನ್ನಿಟ್ಟರೆ ಅಜ್ಜಿ ಏನೋ ದೇವರ ನಾಮ ಬರೆದಿದ್ದಾಳೆ ಅಂದುಕೊಳ್ಳುತ್ತೀಯ. ಇದೂ ಬಚ್ಚಿಟ್ಟುಕೊಳ್ಳುವುದೇ.

ಆದರೆ ಕೇಳಿದರೆ ನಿನಗೆ ಅರ್ಥವಾಗುತ್ತದೆ.

ನಾಳೆ ಏಳಕ್ಕೆ ಮೊದಲೇ ಹೋಗಿ ಗೇಟಿನ ಹತ್ತಿರ ನಿಂತಿರುತ್ತೇನೆ. ಕ್ಯಾಬು ಕಾಯಲಿ. ನೀನು ಚಿಲಕ ಹಾಕಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬರುವಾಗ ಅದರ ಮೇಲೆ ನನ್ನ ಕೈ ಇರುತ್ತದೆ. ಈ ಹಾಳೆಯನ್ನು ಮೊದಲ ಸಾಲಿನಿಂದ ಓದುತ್ತೇನೆ. ಮುಗಿದ ಮೇಲೆ ನೀನು ಏನು ಅಂದರೂ ಅನ್ನು. ಏನೂ ಅನ್ನದೆ ಹೋದರೂ ಹೋಗು. ಚಿಲಕ ಇನ್ನು ಮೇಲೆ ನಾನು ನೋಡಿಕೊಳ್ಳುತ್ತೇನೆ.