‘ಬ್ಲಾಂಚ್’ ಕಲಿಸಿದ ಸುಭದ್ರಾಬಾಯಿ

ಸುಭದ್ರಾಬಾಯಿ ನಮ್ಮ ಅಫಜಲಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ಒಂದು ಶಬ್ದ ಸಿಕ್ಕರೆ ಅದರ ಮುತ್ತಜ್ಜನ ತನಕ ಹೋಗಿ ಬರುವ ಚಟ ಅವರದು. ಪಕ್ಕದ ಕೋಣೆಯಲ್ಲಿ ಗಣಿತ ಹೇಳುವ ನಾನು ಗೋಡೆಯಾಚೆಯಿಂದಲೇ ಅರ್ಧ ಇಂಗ್ಲಿಷ್ ಕಲಿತೆ. ‘ಬ್ಲಾಂಚ್’ ಅನ್ನುವ ಕ್ರಿಯಾಪದ ಬಂದ ದಿನವಂತೂ ನನ್ನ ಹುಡುಗರು ಲೆಕ್ಕ ಬಿಟ್ಟು ಅತ್ತಲೇ ಕಿವಿಗೊಟ್ಟರು. ಫ್ರೆಂಚರ ‘ಬಿಳಿ’ಯಿಂದ ಹುಟ್ಟಿದ್ದಂತೆ ಅದು. ಬಟ್ಟೆ ಬೆಳ್ಳಗೆ ಮಾಡುವುದು ಬ್ಲಾಂಚ್. ಬಾದಾಮಿಯನ್ನು ಕುದಿನೀರಿಗೆ ಹಾಕಿ ಸಿಪ್ಪೆ ಸುಲಿಯುವುದೂ, ಬಿಸಿಲು ತಾಗದಂತೆ ಮುಚ್ಚಿ ಗಿಡದ ದಂಟನ್ನು ಬೆಳ್ಳಗಾಗಿಸುವುದೂ ಅದೇ. ಹೆದರಿದವರ ಮುಖ ಬಿಳಿಚಿಕೊಂಡರೂ ಅದೇ ಮಾತು.

ಅಷ್ಟರಲ್ಲಾಗಲೇ ಅವರ ತುಟಿಯಂಚಿನ ತೊನ್ನು ಬೆರಳುಗಳಿಗೂ ಬಂದಿತ್ತು. ಅವರೇ ಕೈ ಚಾಚಿ ತೋರಿಸಿ, ಇದಕ್ಕೆ ಆ ಶಬ್ದ ಸಲ್ಲದು, ಇದು ಚರ್ಮ ಬಣ್ಣ ಕಳೆದುಕೊಳ್ಳುವ ತೊಂದರೆ, ಮುಟ್ಟಿದರೆ ಅಂಟುವುದಿಲ್ಲ ಎಂದು ಹೇಳಿದರು. ಮಕ್ಕಳು ನಂಬಿದರು. ದೊಡ್ಡವರದೇ ಗೋಳು.

ಮಗಳು ಭಾಗ್ಯಜ್ಯೋತಿಯನ್ನು ಜೇವರ್ಗಿಗೆ ಕೊಟ್ಟಿದ್ದಾರೆ. ಗೋಡೆ ತುಂಬ ವಚನ ತೂಗುಹಾಕಿದ ಮನೆ. ಬಸುರಿ ಮಗಳಿಗೆ ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಗೊತ್ತಾಯಿತು. ತವರಿನ ಹಸಿರು ಸೀರೆ ಉಡಿಸಿ, ಮೊದಲ ಉಡಿ ತಾಯಿಯೇ ತುಂಬುವುದು ಅವರ ಪದ್ಧತಿ. ಸುಭದ್ರಾಬಾಯಿ ಆ ಗಳಿಗೆಗಾಗಿ ಹಿಗ್ಗಿ ಹೀರೇಕಾಯಿಯಾಗಿದ್ದರು, ಸೀರೆ ತೋರಿಸಿ ತೋರಿಸಿ ನಮ್ಮ ತಲೆ ತಿಂದಿದ್ದರು. ಮುಂದಿನದು ಅವರ ಮತ್ತು ಅವರ ತಂಗಿಯ ಜೊತೆಗೆ ಹೋದ ನನ್ನ ಹೆಂಡತಿ ಕಣ್ಣಾರೆ ಕಂಡದ್ದು.

ಬೊಗಸೆಯಲ್ಲಿ ಅಕ್ಕಿ ಹಿಡಿದು ತಾಯಿ ಬಗ್ಗಿದಾಗ ಮಗಳು ಒಡ್ಡಿದ ಸೆರಗನ್ನು ಹಿಂದೆಳೆದುಕೊಂಡಳು.

“ಅವ್ವಾ, ಉಡಿ ಚಿಗವ್ವ ತುಂಬ್ಲಿ.”

ಬೀಗಿತ್ತಿ ಹೇಳಿಕೊಟ್ಟಿರಬೇಕೆಂದು ಸುಭದ್ರಾಬಾಯಿ ಅವರತ್ತ ನೋಡಿದರು. ಅವರೂ ಕಕ್ಕಾಬಿಕ್ಕಿಯಾಗಿದ್ದರು.

“ಯಾರೂ ಹೇಳಿಕೊಟ್ಟಿಲ್ಲವ್ವಾ,” ಎಂದಳು ಮಗಳು ಹೊಟ್ಟೆಯ ಮೇಲೆ ಕೈಯಿಟ್ಟು. “ಕೂಸಿಗಿ ಬಂದ್ರ ಏನ್ ಮಾಡ್ಲಿ?”

ಬಿಎಸ್ಸಿ ಓದಿದ ಹುಡುಗಿ! ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಸುಭದ್ರಾಬಾಯಿ ಮಾತ್ರ ಅಕ್ಕಿಯನ್ನು ತಂಗಿಯ ಬೊಗಸೆಗೆ ಸುರಿದು, ಹೋಗಿ ಬಾಗಿಲ ಬಳಿ ಕೂತರಂತೆ. ಅಂದಿನಿಂದ ಪಾಠದಲ್ಲೂ ಅವರ ದನಿ ಗೋಡೆ ದಾಟುವುದಿಲ್ಲ. ಸಂಕಟವಾಗುತ್ತದೆ.

ಹೆಣ್ಣು ಕೂಸು ಹುಟ್ಟಿತು, ಸೃಷ್ಟಿ ಅಂತ ಹೆಸರು. ಈಗ ಅಂಬೆಗಾಲಿಡುತ್ತಿದೆ. ಡಾಕ್ಟರು ತಿಳಿಸಿ ಹೇಳಿದ ಮೇಲೆ ಮಗಳಿಗೆ ತನ್ನ ತಪ್ಪು ತಿಳಿದಿದೆ, ಅತ್ತು ಕ್ಷಮೆಯನ್ನೂ ಕೇಳಿದ್ದಾಳೆ. ಮೊನ್ನೆ ತಾನೇ ಕೂಸನ್ನು ಕರೆತಂದು, ಎತ್ತಿಕೋ ಅವ್ವಾ ಎಂದು ತಾಯಿಯ ಮುಂದೆ ಹಿಡಿದಳು. ಕೂಸು ನಗುತ್ತ ಅಜ್ಜಿಯತ್ತ ತೋಳು ಚಾಚಿತು.

ಸುಭದ್ರಾಬಾಯಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು.

“ಬ್ಯಾಡವ್ವಾ,” ಎಂದರು, “ಈಗ ನನಗೇ ಅಂಜಿಕಿ ಬರ್ತದ.”