ಪುಸ್ತಕ ತೆಗೆ

ಸಾಸಲಿನ ಆಚೆಯ ಒಂದು ಹಳ್ಳಿಯ ಗ್ರಂಥಾಲಯಕ್ಕೆ ನಾನೊಂದು ಸಣ್ಣ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಹೆಂಗಸು ಅದುವರೆಗೆ ಮೌಸ್ ಮುಟ್ಟಿದವರಲ್ಲ. ಅವರಿಗೆ ಕಷ್ಟವಾಗಬಾರದೆಂದು ಮೆನುವಿನಲ್ಲಿ ನಾಲ್ಕೇ ಸಾಲು ಇಟ್ಟಿದ್ದೆ, ನಾಲ್ಕೂ ಕನ್ನಡದಲ್ಲಿ: ಪುಸ್ತಕ ಸೇರಿಸು, ಪುಸ್ತಕ ಹುಡುಕು, ಪುಸ್ತಕ ಕೊಡು, ಪುಸ್ತಕ ತೆಗೆ.

ಮೊದಲ ವಾರ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದರು. ಆಮೇಲೆ ಅದು ನಿಂತುಹೋಯಿತು. ಕಲಿತುಬಿಟ್ಟರು ಎಂದು ಎರಡು ದಿನ ಹಿಗ್ಗಿದೆ. ಮೂರನೆಯ ದಿನದಿಂದ ಕೂತಲ್ಲಿ ಕೂರಲಾಗಲಿಲ್ಲ. ನಾನಾಗಿಯೇ ಮಾಡಿದರೆ ಎತ್ತುತ್ತಿರಲಿಲ್ಲ. ಕೊನೆಗೊಂದು ಬೆಳಿಗ್ಗೆ ದೊಡ್ಡಬಳ್ಳಾಪುರದಲ್ಲಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಫೋನನ್ನು ಚೀಲಕ್ಕೆ ಹಾಕುವುದು, ತೆಗೆದು ನೋಡುವುದು, ಇದೇ ಆಯಿತು.

ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿತ್ತು. ಆಕೆ ಪಕ್ಕದಲ್ಲಿ ಕೂತು ಹಳೆಯ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು.

"ಕರೆಂಟ್ ಇಲ್ವಾ ಅಕ್ಕಾ?"

"ಇದೆ ಮೇಡಂ." ತಲೆ ಎತ್ತಲಿಲ್ಲ. "ನಾನೇ ಹಾಳ್ಮಾಡ್ಬಿಟ್ಟೆ. ಹಾಕಿದ್ ಪುಸ್ತಕ ಎಲ್ಲಾ ಹೊಂಟೋದ್ವು. ಪಂಚಾಯ್ತಿಯೋರ್ಗೆ ಹೇಳ್ಬೇಡಿ, ನಿಮ್ಗೆ ಕೈ ಮುಗೀತೀನಿ."

ಏನು ಒತ್ತಿದಿರಿ, ತೋರಿಸಿ ಎಂದೆ. ಒಲ್ಲೆ ಎಂದರು. ಬಹಳ ಹೊತ್ತು ಹೇಳಿದ ಮೇಲೆ ಟವೆಲ್ ಸರಿಸಿ, ಉಳಿದಿದ್ದ ಒಂದು ಹೆಸರಿನ ಮೇಲೆ ಮೌಸ್ ಇಟ್ಟರು. ಆಮೇಲೆ 'ಪುಸ್ತಕ ತೆಗೆ' ಒತ್ತಿದರು.

"ಇದ್ರ ಒಳ್ಗೆ ಏನೈತೆ ನೋಡೋಣ ಅಂತ ತೆಗ್ದೆ. ತೆಗೀಲಾ ಅಂತ ಕೇಳ್ತು, ಹೂಂ ಅಂದೆ. ಮಾಯ! ತಪ್ಪು ಪುಸ್ತಕ ತೆಗ್ದೆ ಅನ್ಕೊಂಡು ಇನ್ನೊಂದು ತೆಗ್ದೆ, ಅದೂ ಹೋಯ್ತು. ಹಂಗೇ ಒಂದೊಂದಾಗಿ."

ಪಟ್ಟಿಯಿಂದ ಕಿತ್ತುಹಾಕು ಎಂಬ ಅರ್ಥದಲ್ಲಿ ನಾನು 'ತೆಗೆ' ಎಂದು ಬರೆದಿದ್ದೆ. ಪುಸ್ತಕ ತೆಗೆ ಎಂದರೆ ಯಾರಾದರೂ ಬಿಡಿಸಿ ಓದಲು ಕೂರುತ್ತಾರೆಯೇ ಹೊರತು ಅಳಿಸುತ್ತಾರೆಯೇ? ಇಡೀ ತಿಂಗಳು ಆ ಪದವನ್ನು ನೋಡಿದ್ದ ನನಗೆ ಒಮ್ಮೆಯೂ ಅದು ಹೊಳೆದಿರಲಿಲ್ಲ.

"ತಪ್ಪು ನಿಮ್ದಲ್ಲ ಅಕ್ಕಾ, ನಂದು," ಎಂದು ವಿವರಿಸಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂತು.

"ಎಂಟ್ ದಿನದಿಂದ ಗಂಟ್ಲಲ್ಲಿ ಅನ್ನ ಇಳ್ದಿಲ್ಲ ನಂಗೆ. ಬರಿಯೋಕ್ ಮುಂಚೆ ನನ್ನೊಂದ್ ಮಾತು ಕೇಳ್ಬಾರ್ದಿತ್ತಾ?"

ಅಲ್ಲೇ ಲ್ಯಾಪ್‌ಟಾಪ್ ತೆರೆದು, 'ತೆಗೆ' ಇದ್ದ ಕಡೆ 'ಅಳಿಸು' ಎಂದು ಬರೆದು ತೋರಿಸಿದೆ.

"ಅಳ್ಸೋದ್ ಯಾಕೆ ಬೇಕು?" ಎಂದರು. "ಪುಸ್ತಕ ಹರ್ದೋದ್ರೂ ನಮ್ ರಿಜಿಸ್ಟರಲ್ಲಿ ಹೆಸ್ರು ಇರ್ತದೆ. ಪಕ್ಕದಲ್ಲಿ ಹರಿದಿದೆ ಅಂತ ಬರೀತೀವಿ, ಅಷ್ಟೇ."

ಆ ಸಾಲನ್ನು ಕಿತ್ತುಹಾಕಿ, 'ಪುಸ್ತಕ ಹರಿದಿದೆ' ಎಂದು ಬರೆದೆ. ಸಂಜೆಯ ಬಸ್ಸು ಬರುವವರೆಗೆ ಅವರು ರಿಜಿಸ್ಟರ್ ನೋಡಿ ಓದಿದರು, ನಾನು ಟೈಪ್ ಮಾಡಿದೆ. ಅರ್ಧ ಬೀರುವಿನ ಪುಸ್ತಕಗಳೂ ಮುಗಿಯಲಿಲ್ಲ. ನಾನು ಏಳುವಾಗ ಅವರು ಮೌಸನ್ನು ತಮ್ಮ ಕಡೆ ಎಳೆದುಕೊಂಡು, "ನೀವ್ ಹೊರಡಿ, ಇನ್ನೊಂದ್ ನಾಲ್ಕು ಹಾಕಿ ಬಾಗ್ಲು ಹಾಕ್ಕೋತೀನಿ," ಎಂದರು.