ನಾಗಪುರಕ್ಕೆ ಒಯ್ದ ಹಸಿರು ಕುಬಸ

ವಿಜಯಪುರದಿಂದ ಸೋಲಾಪುರಕ್ಕೆ ಬಸ್ಸು, ಅಲ್ಲಿಂದ ರಾತ್ರಿಯಿಡೀ ರೈಲು. ಮಾಸ್ಕಿನೊಳಗೇ ಬೆವರುತ್ತ ಬೆಳಿಗ್ಗೆ ನಾಗಪುರದಲ್ಲಿ ಇಳಿದೆ. ಕೊರೊನಾದ ಎರಡನೇ ಅಲೆ ಇಳಿದು, ಬಸುರಿಯರೂ ಲಸಿಕೆ ಹಾಕಿಸಿಕೊಳ್ಳಬಹುದೆಂದು ಸರ್ಕಾರ ಹೇಳಿದ್ದ ಹೊಸತು. ನನ್ನ ಒಂದು ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ. ಎದೆಗವಚಿಕೊಂಡಿದ್ದ ಇನ್ನೊಂದರಲ್ಲಿ ಮಗಳು ಸುಧಾಳಿಗೆ ಹಸಿರು ಸೀರೆ ಮತ್ತು ಕುಬಸ. ಚೊಚ್ಚಲ ಬಸುರಿಗೆ ಏಳನೇ ತಿಂಗಳಲ್ಲಿ ತವರಿನವರು ಈ ರವಿಕೆ ತೊಡಿಸಿ ಉಡಿ ತುಂಬುತ್ತೇವೆ. ನಮ್ಮ ಮನೆಯಲ್ಲಿ ಅದನ್ನು ತಾಯಿಯೇ ಹೊಲಿಯಬೇಕು. ಕುಬಸ ಮುಗಿಸಿ ಮಗಳನ್ನು ಬಾಣಂತನಕ್ಕೆ ಕರೆತರಲು ಹೊರಟಿದ್ದೆ.

ರೈಲ್ವೆಯಲ್ಲಿರುವ ಅಳಿಯ ಮಹಾಂತೇಶ ಸ್ಟೇಷನ್ನಿಗೆ ಬಂದಿದ್ದರು. ಹೊರಗೆ ತಳ್ಳುಗಾಡಿಯವನೊಬ್ಬ ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ಸಾರು ಸುರಿದು ಕೊಟ್ಟ. ವಿಜಯಪುರದವಳಾದ ನಾನು ಖಾರಕ್ಕೆ ಹೆದರುವವಳಲ್ಲ. ಆದರೂ ಬಜಾಜ್ ನಗರ ಮುಟ್ಟುವವರೆಗೆ ಆಟೋದಲ್ಲಿ ಮೂಗು ಒರೆಸಿಕೊಳ್ಳುತ್ತಲೇ ಇದ್ದೆ.

ಮಗಳು ಫೋನಿನಲ್ಲಿ ಹಾಕಿದ್ದ ಷರತ್ತನ್ನು ಬಾಗಿಲಲ್ಲೇ ಮತ್ತೆ ಹಾಕಿದಳು.

"ಅವ್ವಾ, ಇಂಜೆಕ್ಷನ್ ಆದಮ್ಯಾಲನ ನಾ ಗಾಡಿ ಹತ್ತಾಕಿ. ಇಲ್ಲಂದ್ರ ಇಲ್ಲೇ ಹಡೀತೀನಿ."

"ಹುಚ್ಚಿ! ಹೊಟ್ಯಾಗ ಕೂಸು ಇಟ್ಕೊಂಡು ಸೂಜಿ ಚುಚ್ಚಿಸ್ಕೋತಾರನು?"

"ನೀ ಎರಡು ಸಲ ಚುಚ್ಚಿಸ್ಕೊಂಡೀಯಲ್ಲ?"

"ನನ್ನ ಹೊಟ್ಯಾಗ ರೊಟ್ಟಿ ಅಷ್ಟ ಐತಿ."

ಅಳಿಯ ನಕ್ಕರು. ನನಗೆ ನಗು ಬರಲಿಲ್ಲ. ಬಸುರಿಗೆ ಆ ಸೂಜಿ ಆಗದು, ಕೂಸಿಗೆ ಕೇಡು ಎಂದು ಊರಲ್ಲಿ ನಾದಿನಿ ತಲೆ ತುಂಬಿ ಕಳಿಸಿದ್ದಳು. ಕೂಸಿಗೇನಾದರೂ ಆದರೆ ಎಂಬ ಹೆದರಿಕೆ ನನಗೆ ರೈಲಿನಲ್ಲೂ ನಿದ್ದೆ ಮಾಡಗೊಟ್ಟಿರಲಿಲ್ಲ.

ಮರುದಿನ ಮೂವರೂ ರಾಮದಾಸಪೇಠಿನ ಡಾಕ್ಟರಮ್ಮನ ಬಳಿ ಹೋದೆವು. ನನ್ನ ವಿಜಯಪುರದ ಹಿಂದಿಯಲ್ಲಿ ಕೇಳಬೇಕಾದ್ದನ್ನೆಲ್ಲ ಕೇಳಿದೆ. "ಮಾಜೀ, ಡರ್‌ನಾ ಹೈ ತೋ ಬೀಮಾರಿ ಸೇ ಡರೋ," ಹೆದರುವುದಾದರೆ ರೋಗಕ್ಕೆ ಹೆದರಿ, ಎಂದು ಆಕೆ ನಕ್ಕರು. ಲಸಿಕೆಯಲ್ಲಿ ಜೀವಂತ ಕೊರೊನಾ ಇರುವುದಿಲ್ಲ, ಹಾಗಾಗಿ ಅದರಿಂದ ತಾಯಿಗಾಗಲಿ ಕೂಸಿಗಾಗಲಿ ಆ ರೋಗ ತಗುಲದು ಎಂದರು. ಹಾಕಿಸಿಕೊಂಡ ಬಸುರಿಯರಲ್ಲಿ ಗರ್ಭಪಾತವೇನೂ ಹೆಚ್ಚಿದ್ದು ಕಂಡಿಲ್ಲವಂತೆ. ಆದರೆ ಬಸುರಿಗೆ ಕೊರೊನಾ ಬಂದರೆ ಉಸಿರಿಗೆ ತೊಂದರೆಯಾಗುವುದು, ದಿನ ತುಂಬುವ ಮೊದಲೇ ಹೆರಿಗೆಯಾಗುವುದು ಹೆಚ್ಚು. ತೋಳು ನೋಯಬಹುದು, ಜ್ವರ ಬರಬಹುದು. ಬಂದರೆ ಈ ಗುಳಿಗೆ ಕೊಡಿ, ಸುಮ್ಮನೆ ಕೂರಬೇಡಿ ಎಂದು ಬರೆದುಕೊಟ್ಟರು. ಸುಧಾಳಿಗೆ ಯಾವುದಾದರೂ ಔಷಧ ಒಗ್ಗದೆ ತೊಂದರೆಯಾಗಿತ್ತೇ ಎಂದೂ ವಿಚಾರಿಸಿದರು.

ನನ್ನ ತಲೆ ಒಪ್ಪಿತು. ಹೆದರಿಕೆ ಮಾತ್ರ ಜಗ್ಗಲಿಲ್ಲ. ಗಾಂಧಿಬಾಗಿನ ಇಕ್ಕಟ್ಟಿನ ಗಲ್ಲಿಯಲ್ಲಿ ಹಸಿರು ಬಳೆ ಆರಿಸಿ, ಕೇಳಿದಷ್ಟು ದುಡ್ಡು ಕೊಟ್ಟುಬಿಟ್ಟೆ. ಬಳೆ ವ್ಯಾಪಾರದಲ್ಲಿ ನಾನು ಚೌಕಾಸಿ ಮಾಡದ್ದು ಕಂಡು ಮಗಳಿಗೇ ಗಾಬರಿಯಾಯಿತು.

ಮೂರನೆಯ ದಿನ ಕುಬಸ. ಮದುವೆಯ ಅಳತೆ ಹಿಡಿದು, ಸೊಂಟದಲ್ಲಷ್ಟೇ ಸಡಿಲ ಬಿಟ್ಟು ಹೊಲಿದಿದ್ದೆ. ಬಸುರಿಯ ತೋಳೂ ತುಂಬಿಕೊಳ್ಳುತ್ತದೆ ಎಂಬುದು ಎರಡು ಹೆತ್ತ ನನಗೂ ಹೊಳೆದಿರಲಿಲ್ಲ. ಮೊಣಕೈವರೆಗಿನ ತೋಳನ್ನು ಎಳೆದೆಳೆದು ಏರಿಸಿದೆವು. ಆರತಿಯಾಗಿ, ಉಡಿ ತುಂಬಿ, ಹೋಳಿಗೆಗೆ ಕೂರಬೇಕು ಎನ್ನುವಷ್ಟರಲ್ಲಿ ಪಕ್ಕದ ಮನೆಯ ಮರಾಠಿ ಕಾಕು ಓಡಿ ಬಂದರು.

"ಸುಧಾ, ಲಸ ಆಲೀ! ಜಲ್ದಿ ಚಲ!"

ವಾರದಿಂದ ಖಾಲಿಯಿದ್ದ ಲಸಿಕೆ ಹತ್ತಿರದ ಕೇಂದ್ರಕ್ಕೆ ಬಂದಿತ್ತು. ಸುಧಾ ಇದ್ದ ಹಾಗೆಯೇ ಹೊರಟಳು. ಮುಡಿ ತುಂಬ ಹೂವು, ಕೈ ತುಂಬ ಬಳೆ. ಸಾಲಿನಲ್ಲಿದ್ದವರು ನಗುತ್ತ ದಾರಿ ಬಿಟ್ಟರು. ಅಜ್ಜ ಒಬ್ಬರು ಹೋಳಿಗೆ ಎಲ್ಲಿ ಎಂದೂ ಕೇಳಿದರು.

ಪರದೆಯ ಹಿಂದೆ ನರ್ಸ್ ತೋಳು ಏರಿಸಲು ಹೇಳಿದಳು. ಏರಲಿಲ್ಲ. ಮೇಲಿನಿಂದ ಜಾರಿಸಲೂ ಆಗಲಿಲ್ಲ. ಬಿಗಿ ಎಂದರೆ ಅಂಥ ಬಿಗಿ. "ರವಿಕೆ ಬದಲಿಸಿ ಬನ್ನಿ, ಆದರೆ ಅಷ್ಟರಲ್ಲಿ ಲಸಿಕೆ ಉಳಿಯುತ್ತೋ ಇಲ್ಲವೋ," ಎಂದಳು ಮರಾಠಿಯಲ್ಲಿ. ಸುಧಾ ನನ್ನ ಮುಖ ನೋಡಿದಳು. ಸುಮ್ಮನಿದ್ದರೆ ಸಾಕಿತ್ತು, ನಾನು ಹೆದರಿದ್ದ ಸೂಜಿ ತಾನಾಗಿಯೇ ತಪ್ಪುತ್ತಿತ್ತು. ಕುಬಸದ ದಿನ ಹೊಲಿಗೆ ಬಿಚ್ಚಬಾರದೆಂದು ನಮ್ಮತ್ತೆ ಹೇಳುತ್ತಿದ್ದದ್ದೂ ನೆನಪಾಯಿತು. ಆದರೆ ಆ ಕಣ್ಣಲ್ಲಿ ಹೆದರಿಕೆಯಿತ್ತು, ಸೂಜಿಯದಲ್ಲ, ಲಸಿಕೆ ತಪ್ಪಿಹೋಗುವ ಹೆದರಿಕೆ. ಅವಳೂ ತಾಯಿಯೇ ಅಲ್ಲವೇ, ತನ್ನ ಕೂಸಿನ ಚಿಂತೆ ಅವಳಿಗೆ ನನಗಿಂತ ಕಡಿಮೆಯೇ?

ಮಾಸ್ಕ್ ಕೆಳಗೆಳೆದು, ನನ್ನದೇ ಹೊಲಿಗೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಹರಿದೆ. ಸೆರಗಿನ ಪಿನ್ನಿನಿಂದ ದಾರ ಎಬ್ಬಿಸುತ್ತ ತೋಳನ್ನು ಭುಜದವರೆಗೆ ಬಿಚ್ಚಿದೆ.

"ಹಾಕ್ರಿ ಬಾಯಾರ, ಜಲ್ದಿ ಹಾಕ್ರಿ," ಎಂದೆ. ನರ್ಸಿಗೆ ಕನ್ನಡ ಬಾರದಿದ್ದರೂ ತಿಳಿಯಿತು.

ಅರ್ಧ ಗಂಟೆ ಅಲ್ಲೇ ಕೂರಿಸಿದರು. ಅಂದು ಸಂಜೆ ಸ್ವಲ್ಪ ಜ್ವರ ಬಂತು, ಗುಳಿಗೆಗೆ ಇಳಿಯಿತು. ಬೆಳಿಗ್ಗೆ ಕೂಸು ಒದ್ದದ್ದನ್ನು ಸುಧಾ ನನ್ನ ಕೈ ಹಿಡಿದು ಮುಟ್ಟಿಸಿದಳು. ನಾನು ಅತ್ತುಬಿಟ್ಟೆ, ಅವಳು ನಕ್ಕಳು.

ನಾಲ್ಕು ದಿನ ಬಿಟ್ಟು, ಡಾಕ್ಟರಮ್ಮನನ್ನು ಕೇಳಿ ಗಾಡಿ ಹತ್ತಿದೆವು. ಅಳಿಯ ಕಿತ್ತಳೆಯ ಸಂತ್ರಾ ಬರ್ಫಿಯ ಡಬ್ಬಿ ಕೊಟ್ಟು, ಗಾಡಿ ತಿರುಗುವವರೆಗೆ ಕೈ ಬೀಸಿದರು. ನಾಗಪುರ ಮರೆಯಾದ ಮೇಲೆ ನಾನು ಸೂಜಿದಾರ ತೆಗೆದು ಕುಬಸವನ್ನು ತೊಡೆಯ ಮೇಲೆ ಹರವಿಕೊಂಡೆ.

"ಹೊಲೀಬ್ಯಾಡವ್ವ," ಎಂದಳು ಸುಧಾ. "ಎರಡನೇ ಡೋಸ್ ಬಾಕಿ ಐತಿ."

"ಹಂಗಾರ ಇನ್ನೊಂದು ತೋಳೂ ಬಿಚ್ಚತೀನಿ ತಡಿ," ಎಂದು ಪಿನ್ನು ಹುಡುಕಿದೆ. "ಅವರು ಯಾವ ಕೈ ಕೇಳ್ತಾರೋ ಏನೋ."